ಸೊರಗಪ್ಪನ ಬಟಾಣಿ

ಸೊರಗಪ್ಪ ಅವರ ನಿಜವಾದ ಹೆಸರಲ್ಲ. ಸಂಶೋಧನಾ ಕೇಂದ್ರದ ಹೊಲದಲ್ಲಿ ಬಟಾಣಿಯ ಸೊರಗು ರೋಗವನ್ನು ಸಾಕಿ ಸಲಹುತ್ತಾರೆಂದು ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು. ಬೇರೆಯವರು ಗಿಡವನ್ನು ಜೋಪಾನ ಮಾಡಿದರೆ ಇವರು, ಯಾವ ಗಿಡ ರೋಗವನ್ನು ತಡೆಯುತ್ತದೆಂದು ನೋಡಲು, ರೋಗದ ಮಣ್ಣನ್ನು ಜೋಪಾನ ಮಾಡುತ್ತಾರೆ. ಎರಡು ಸಾಲಿಗೊಮ್ಮೆ, ಖಂಡಿತ ಸಾಯುವ ತಳಿಯೊಂದನ್ನು ಬಿತ್ತುತ್ತಾರೆ. ಅದು ಸಾಯದಿದ್ದರೆ ಮಣ್ಣಿನಲ್ಲಿ ರೋಗವೇ ಇಲ್ಲವೆಂದಾಯಿತು, ಪಕ್ಕದ ಗಿಡ ಬದುಕಿದ್ದಕ್ಕೆ ಅರ್ಥವಿಲ್ಲ. ಆ ಸಾಲು ಬಾಡಿದ ದಿನ ಎಲ್ಲರಿಗೂ ಚಹಾ ಕೊಡಿಸುತ್ತಾರೆ. ಮನೆಯಲ್ಲಿ ಮಗಳು ಸೀನಿದರೂ ಅದು ಯಾರ ಕಡೆಯಿಂದ ಬಂದ ನೆಗಡಿಯೆಂದು ಲೆಕ್ಕ ಹಾಕುತ್ತಾರೆ. "ನನ್ನ ತವರಿಂದೇ ಅಂತೀರಿ, ಗೊತ್ತು ಬಿಡಿ," ಎನ್ನುತ್ತಾರೆ ಹೆಂಡತಿ. "ನನ್ನ ಬಾಣಲೇಲಿ ಮಣ್ಣು ಹುರಿದೋರಲ್ವಾ ನೀವು!" ರೋಗವೆಲ್ಲ ಸಾಯುವಂತೆ ಹುರಿದ ಆ ಮಣ್ಣು ಅಡುಗೆಮನೆಯ ಕಿಟಕಿಯ ಕುಂಡದಲ್ಲಿದೆ, ಕೈ ತೊಳೆಯದೆ ಅದನ್ನು ಯಾರೂ ಮುಟ್ಟುವಂತಿಲ್ಲ. ಅಲ್ಲಿ ಬೆಳೆಯುತ್ತಿರುವುದು, ಹೊಲದಲ್ಲಿ ಸಾಯಲೆಂದೇ ಬಿತ್ತುವ ಅದೇ ತಳಿ: ಅವರ ತಾಯಿ ಬೆಳೆಯುತ್ತಿದ್ದ, ಈಗ ಯಾರ ಹೊಲದಲ್ಲೂ ನಿಲ್ಲದ ಸಿಹಿ ಬಟಾಣಿ. ಐದು ವರ್ಷಗಳಿಂದ, ರೋಗವನ್ನು ಗೆದ್ದ ಗಿಡದ ಹೂವಿಗೆ ಈ ಕುಂಡದ ಪರಾಗ ಮುಟ್ಟಿಸಿ, ಹುಟ್ಟಿದ ಸಸಿಗಳನ್ನು ಮತ್ತೆ ರೋಗದ ಮಣ್ಣಿಗಿಳಿಸಿ, ಉಳಿದವಕ್ಕೆ ಮತ್ತೆ ಇದೇ ಪರಾಗ ಮುಟ್ಟಿಸುತ್ತಿದ್ದಾರೆ. "ರೋಗ ತಡೆಯೋ ಗುಣ ಒಂದು ಸೇರಿದ್ರೆ ಸಾಕು, ಮಿಕ್ಕಿದ್ದೆಲ್ಲ ಅಮ್ಮನ ಬಟಾಣೀದೇ ಇರ್ಬೇಕು," ಎನ್ನುತ್ತಾರೆ. ಅರ್ಧದಷ್ಟು ಸಸಿಗಳಿಗೆ ಆ ಗುಣ ಬರುತ್ತದೆಂಬ ಲೆಕ್ಕದ ಪ್ರಕಾರ ಈ ಸಲ ಎಂಟು ಸಸಿಗಳಲ್ಲಿ ನಾಲ್ಕು ಉಳಿಯಬೇಕಿತ್ತು. ಉಳಿದದ್ದು ಒಂದೇ. "ಈಗೇನ್ರೀ ಮಾಡ್ತೀರಿ?" ಎಂದರು ಹೆಂಡತಿ, ಮೆತ್ತಗೆ. ಸೊರಗಪ್ಪ ಕೈ ತೊಳೆದುಕೊಂಡು, ಕುಂಡದಿಂದ ಹೂವೊಂದನ್ನು ಬಿಡಿಸಿ ಪುಟ್ಟ ಡಬ್ಬಿಯಲ್ಲಿಟ್ಟರು. "ಒಂದಿದೆಯಲ್ಲ," ಎಂದು ಚಪ್ಪಲಿ ಮೆಟ್ಟಿ ಹೊಲಕ್ಕೆ ಹೊರಟರು.