ಮಣೆ ಮೇಲೆ ಮೊದಲು ಕೂತವಳು

ಆಗ ನನಗೆ ಅರವತ್ತಾರು. ಐದು ವರ್ಷದ ಹಿಂದಿನ ಮಾತು. ಜೋಗುಪಾಳ್ಯದ ನಮ್ಮ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಮಗು. ಸೆಕೆಗೋ, ಯಾರೋ ಕೊಟ್ಟ ಘಮಘಮ ಸೋಪಿಗೋ, ಕೂಸಿನ ಕತ್ತಿನ ಮಡಿಕೆ, ತೊಡೆಸಂದು ಕೆಂಪಗೆ ಹಸಿಯಾಗಿತ್ತು. ಹಲಸೂರಿನ ಡಾಕ್ಟರಮ್ಮ ನೋಡಿ, ಸೋಪು ಬೇಡ, ಪೌಡರ್ ಬೇಡ, ಉಗುರುಬೆಚ್ಚಗಿನ ನೀರು ಸಾಕು, ಉಜ್ಜಬೇಡಿ, ಒತ್ತಿ ಒರೆಸಿ ಅಂದರು. ಅವರು ಕೊಟ್ಟ ಮುಲಾಮನ್ನು ತೆಳ್ಳಗೆ ಹಚ್ಚಿದೆವು. ನನ್ನ ಹಳೆ ಸೀರೆ ಹರಿದು ಒರೆಸುವ ಬಟ್ಟೆ ಮಾಡಿದೆ. ನಾಮಕರಣ ಹತ್ತಿರ ಬರುವ ಹೊತ್ತಿಗೆ ಚರ್ಮ ಕೂಡಿಕೊಂಡಿತು.

ಅಷ್ಟರಲ್ಲಿ ಕೆ.ಆರ್. ಪುರದಿಂದ ನಾದಿನಿ ಫೋನ್ ಮಾಡಿದಳು. ನಾಮಕರಣದ ದಿನ ಮಗುವಿಗೆ ನೀರು ಹಾಕುವುದು ಮನೆ ಹೆಣ್ಣುಮಗಳಾದ ಅವಳ ಹಕ್ಕು. ಅವಳ ನೀರು ಅಂದರೆ ಸುಡುನೀರು, ಮೇಲೆ ಕಡಲೆಹಿಟ್ಟಿನ ಉಂಡೆ. ಮೈಕೂದಲು ಕಿತ್ತು ಬರುವವರೆಗೆ ಉಜ್ಜುತ್ತಾಳೆ.

ಮಗಳು ಅತ್ತಳು. "ಅಮ್ಮಾ, ಅತ್ತೆ ಕೈಗೆ ಕೊಟ್ರೆ ಮತ್ತೆ ಸಿಪ್ಪೆ ಎದ್ದೋಗುತ್ತೆ."

"ಅಳ್ಬೇಡ, ಹಾಲು ಕುಡ್ಸು," ಅಂದೆ.

ನಮ್ಮಲ್ಲಿ ಒಂದು ಕಟ್ಟುಪಾಡು ಇದೆ. ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂತವಳ ಕಾಲ ಮೇಲೆ ಕೂಸು ಮಲಗಿತೆಂದರೆ, ನೀರು ಮುಗಿಯುವವರೆಗೆ ಅವಳನ್ನು ಎಬ್ಬಿಸುವ ಹಾಗಿಲ್ಲ. ನಡುವೆ ಕೈ ಬದಲಾದರೆ ಮಗುವಿಗೆ ದೃಷ್ಟಿ ತಾಗುತ್ತದಂತೆ. ಇದನ್ನು ಊರಿಗೆಲ್ಲ ಸಾರಿದವಳು ನಾದಿನಿಯೇ.

ನಾಮಕರಣದ ಬೆಳಿಗ್ಗೆ ಬಾಗಿಲಲ್ಲಿ ಆಟೋ ಸದ್ದು ಕೇಳಿದ್ದೇ ಹೋಗಿ ಮಣೆ ಮೇಲೆ ಕೂತೆ. ಮಂಡಿ ಕಟಕಟ ಅಂದಿತು, ಅನ್ನಲಿ. ಮಗಳು ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿದಳು. ನಾದಿನಿ ಹಿಟ್ಟಿನ ಡಬ್ಬ ಹಿಡಿದು ಬಚ್ಚಲ ಬಾಗಿಲಿಗೆ ಬಂದಳು.

"ಏನೇ ಇದು? ಏಳು ಮೇಲೆ!"

"ಕೂಸು ಮಲ್ಗಾಯ್ತು. ಎದ್ರೆ ದೃಷ್ಟಿ ಆಗುತ್ತೆ, ನೀನೇ ಹೇಳಿದ್ದು."

"ಬೆನ್ ತುಂಬಾ ಕೂದ್ಲು, ಕೋತಿಮರಿ ಇದ್ದಂಗಿದೆ. ನಾಳೆ ಯಾರ್ ಮದ್ವೆ ಆಗ್ತಾರೆ?"

"ಅದು ತಾನಾಗೇ ಉದುರುತ್ತೆ. ನಿಮ್ಮಣ್ಣನ್ನ ನಾನು ಕಟ್ಕೊಂಡಿಲ್ವಾ? ಕರಡಿ ಇದ್ದಂಗಿದ್ದ."

ಹೊರಗೆ ನನ್ನ ಗಂಡ ಕೆಮ್ಮಿದ.

"ಉಜ್ಜಿ ಅಳಿಸ್ದಿದ್ರೆ ಎದೆ ಗಟ್ಟಿಯಾಗೋದು ಹೆಂಗೆ?"

"ನಿಂಗೆ ತೆಂಗಿನ ನಾರು ಹಾಕಿ ಉಜ್ತೀನಿ ಬಾ, ನಿನ್ನೆದೆನೂ ಗಟ್ಟಿಯಾಗ್ಲಿ."

ಮೊಣಕೈ ಅದ್ದಿ ನೀರಿನ ಬಿಸಿ ನೋಡಿದೆ. ಬೊಗಸೆಯಲ್ಲೇ ಹಾಕಿದೆ. ಮಡಿಕೆ ಬಿಡಿಸಿ ತೊಳೆದು ಸೀರೆ ಬಟ್ಟೆಯಲ್ಲಿ ಒತ್ತಿದೆ. ಕೂಸು ಅಳಲಿಲ್ಲ, ಬಾಯಿ ತುಂಬ ಆಕಳಿಸಿತು. ನಾದಿನಿ ತಡೆಯಲಾರದೆ ಬಗ್ಗಿ ತೊಡೆ ಮುಟ್ಟಿದಳು.

"ಬೆಣ್ಣೆ ಆಗಿದೆಯಲ್ಲೇ," ಅಂದಳು, ಸಿಟ್ಟಿನಲ್ಲೇ.

ಗೆದ್ದೆ. ಕೂಸಿನ ಮೈಮೇಲೆ ಒಂದು ಕೆಂಪು ಗೆರೆ ಇಲ್ಲ. ಮಗಳು ಅದನ್ನು ತೊಟ್ಟಿಲಿಗೆ ಒಯ್ದಳು. ನನ್ನನ್ನು ಮಣೆಯಿಂದ ಎತ್ತಿದ್ದು ನಾದಿನಿಯೇ, ಬೈದುಕೊಂಡು.

ಸಂಜೆ ಡಬ್ಬ ಮರೆತು ಹೋದಳು. ಮರುದಿನ ಬೆಳಿಗ್ಗೆ ಕೂಸಿಗೆ ಅದೇ ಬೆಚ್ಚನೆ ನೀರು ಹಾಕಿ ಮಲಗಿಸಿದೆ. ಆಮೇಲೆ ಅವಳ ಕಡಲೆಹಿಟ್ಟನ್ನೆಲ್ಲ ಕಲಸಿ ಮೆಣಸಿನಕಾಯಿ ಬಜ್ಜಿ ಕರಿದೆ.