ಐದು ಸಾವಿರ ವರ್ಷದ ದಾರಿ

ನಮ್ಮ ಭಾವನಿಗೆ ಮನೆಮಂದಿ ಇಟ್ಟ ಹೆಸರು ಹುಲ್ಲುಭಾವ. ಊರಾಚೆಯ ದಿಬ್ಬದ ಮೇಲೆ ಆದಿಕಾಲದ ಕಲ್ಲುಗಳು ದುಂಡಗೆ ನಿಂತಿವೆ. ಅಲ್ಲಿ ಯಾರೂ ಅಗೆದು ನೋಡಿಲ್ಲ. ಪುರಾತತ್ವ ಇಲಾಖೆಯವರು ಒಂದು ಫಲಕ ನೆಟ್ಟು, ಹುಲ್ಲು ಕತ್ತರಿಸಲು ಭಾವನನ್ನು ಇಟ್ಟು, ಇತಿಹಾಸದ ಋಣ ತೀರಿತೆಂದು ಕೈತೊಳೆದುಕೊಂಡಿದ್ದರು. ಕೆಲಸ ಏನೆಂದು ಕೇಳಿದವರಿಗೆ ಭಾವ, ಒಂದೇ ತಲೆಗೆ ಜೀವಮಾನವೆಲ್ಲ ಕಟಿಂಗು ಮಾಡುತ್ತಿದ್ದೇನೆ ಎನ್ನುತ್ತಿದ್ದ.

ಅಕ್ಕನಿಗೆ ಲಕ್ವ ಹೊಡೆಯಿತು. ಸಂಜೆಯಾದರೆ ಕೋಣೆಯಲ್ಲಿ ಇರಲೊಲ್ಲಳು. ಸೂರ್ಯ ಮುಳುಗುವುದು ಕಾಣಬೇಕು. ಗಾಲಿಕುರ್ಚಿ ಹುಲ್ಲಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು, ತಿರುವಿನಲ್ಲಿ ವಾಲುತ್ತಿತ್ತು. ಅದಕ್ಕೆ ಭಾವ ದಿಬ್ಬದ ಬುಡದಲ್ಲಿ ಇಲಾಖೆ ಕೊಟ್ಟಿದ್ದ ಕ್ವಾರ್ಟರ್ಸಿನ ಹಿತ್ತಲಬಾಗಿಲಿನಿಂದ ಎರಡು ಎತ್ತರದ ಕಲ್ಲುಗಳ ನಡುವಿನವರೆಗೆ, ಅಕ್ಕ ಬೆರಳು ತೋರಿದ ದಿಕ್ಕಿಗೆ, ನೆಟ್ಟಗೆ ಒಂದು ಪಟ್ಟಿಯನ್ನು ಬುಡಮಟ್ಟ ಕತ್ತರಿಸಿದ. ಅಕ್ಕ ತೀರಿಕೊಂಡ ಮೇಲೂ ಬಿಡಲಿಲ್ಲ. ದಿಬ್ಬದ ಉಳಿದ ಹುಲ್ಲು ಮೊಣಕಾಲಿಗೆ ಬಂದರೂ ಆ ಪಟ್ಟಿ ಮಾತ್ರ ನುಣ್ಣಗೆ. ಸಂಜೆ ಯಂತ್ರ ತಳ್ಳಿಕೊಂಡು ಹೋಗಿ, ಕಲ್ಲುಗಳ ನಡುವೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದ. ಆತನಿಗೆ ಉಳಿದಿದ್ದ ಸಂಸಾರ ಅಷ್ಟೇ.

ಆಮೇಲೆ ಒಂದು ಟಿವಿ ಚಾನೆಲ್ಲಿನವರು ಡ್ರೋನ್ ಹಾರಿಸಿದರು. ರಾತ್ರಿಯ ಹೊತ್ತಿಗೆ ಭಾವನ ಪಟ್ಟಿ ಐದು ಸಾವಿರ ವರ್ಷದ 'ಸೂರ್ಯಪಥ'ವಾಗಿತ್ತು. ಸ್ಟುಡಿಯೋದ ಪಂಡಿತರೊಬ್ಬರು ಪರದೆಯ ಮೇಲೆ ಬಾಣ ಎಳೆದೆಳೆದು, ದಾರಿ ಕೂದಲೆಳೆಯಷ್ಟೂ ತಪ್ಪದೆ ಸೂರ್ಯಾಸ್ತಕ್ಕೆ ಹೋಗುತ್ತದೆ, ಇದನ್ನು ಮಾಡಿದವರು ಮಹಾ ಖಗೋಳಜ್ಞರು ಎಂದರು. ನಮ್ಮ ಅಕ್ಕನಿಗೆ ಹಾಲು ಉಕ್ಕುವ ಮುಂಚೆ ಒಲೆ ಆರಿಸಲೂ ನೆನಪಿರುತ್ತಿರಲಿಲ್ಲ. ದಾರಿಯ ಇನ್ನೊಂದು ತುದಿ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ. ಅದು ನೇರವಾಗಿ ಭಾವನ ಬಚ್ಚಲಿನ ಪಕ್ಕಕ್ಕೆ ಬರುತ್ತಿತ್ತು.

ಜನ ಜಾತ್ರೆಯಂತೆ ಸೇರಿದರು. ವಾರದೊಳಗೆ ಇಲಾಖೆ ದಿಬ್ಬದ ಸುತ್ತ ತಂತಿಬೇಲಿ ಹಾಕಿ, ಒಳಗೆ ಯಾರೂ ಕಾಲಿಡಬಾರದು, ಹುಲ್ಲುಕಡ್ಡಿಯನ್ನೂ ಕೀಳಬಾರದು ಎಂದು ಆಜ್ಞೆ ಹೊರಡಿಸಿತು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಧಿಕಾರಿಯ ಹತ್ತಿರ ಹೋದ. ನಾನೂ ಜೊತೆಗಿದ್ದೆ.

"ಸಾರ್, ಅದು ನಾನು ಮಾಡಿದ ದಾರಿ. ನನ್ನ ಹೆಂಡತಿಗೆ."

ಅಧಿಕಾರಿ ಕೆಟ್ಟವರಲ್ಲ. ಕೂರಿಸಿ, ಪೂರ್ತಿ ಕೇಳಿಸಿಕೊಂಡರು. "ಯಜಮಾನ್ರೇ, ನಾನು ನಂಬ್ತೀನಿ. ಆದ್ರೆ ಮೇಲಿನವರು ಆಗಲೇ ಐದು ಸಾವಿರ ವರ್ಷ ಅಂತ ಭಾಷಣ ಮಾಡಿಬಿಟ್ಟಿದ್ದಾರೆ. ಈಗ ಕಮ್ಮಿ ಮಾಡೋಕಾಗಲ್ಲ."

"ವರ್ಷ ಎಷ್ಟಾದ್ರೂ ಇಟ್ಕೊಳ್ಳಿ ಸಾರ್. ಹುಲ್ಲು ಕತ್ತರಿಸೋಕೆ ಬಿಡಿ, ಸಾಕು."

"ಅದೇ ಆಗದ್ದು. ಅಷ್ಟು ಹಳೇದನ್ನ ಮುಟ್ಟೋ ಹಾಗಿಲ್ಲ."

ಮಳೆ ಬಂತು. ಕಾಪಾಡಿದ್ದಕ್ಕೆ ತಕ್ಕ ಹಾಗೆ ಹುಲ್ಲು ಬೆಳೆಯಿತು. ಎರಡು ತಿಂಗಳಲ್ಲಿ ದಿಬ್ಬವೆಲ್ಲ ಒಂದೇ ಹಸಿರು. ಸೂರ್ಯಪಥ ಮಾಯವಾದದ್ದು ಯಾರ ಶಾಪದಿಂದ ಎಂದು ಚಾನೆಲ್ಲು ಒಂದು ಗಂಟೆ ಚರ್ಚೆ ನಡೆಸಿ, ಮರುದಿನ ಬೇರೆ ಊರಿನ ಬೇರೆ ಕಲ್ಲಿಗೆ ಹೋಯಿತು. ಬೇಲಿ ಮಾತ್ರ ಹೋಗಲಿಲ್ಲ.

ಮೊನ್ನೆ ಸಂಜೆ ಭಾವನನ್ನು ನೋಡಲು ಹೋಗಿದ್ದೆ. ಹಿತ್ತಲಿನಲ್ಲಿ ಬೇಲಿಯ ತಂತಿ ಹಿಡಿದು ನಿಂತಿದ್ದ.

"ಐದು ಸಾವಿರ ವರ್ಷದವಳು ಅಂದ್ರೆ ಬಿಡ್ತಿದ್ಲೇನೋ ನಿಮ್ಮಕ್ಕ? ಐವತ್ತು ಅಂದ್ರೇ ಮೂರು ದಿನ ಮಾತು ಬಿಡ್ತಿದ್ಲು."

ಇಬ್ಬರೂ ನಗಲು ಹೊರಟೆವು. ನನ್ನ ನಗು ಬಂತು; ಆತನದು ಬರಲಿಲ್ಲ. ಒಳಗೆ ಹೋಗಿ, ನಾನೂ ಒಳಗೆ ಬಂದ ಮೇಲೆ ಹಿತ್ತಲಬಾಗಿಲಿಗೆ ಅಗುಳಿ ಹಾಕಿದ. ಹೊರಗೆ ಇನ್ನೂ ಸೂರ್ಯ ಮುಳುಗಿರಲಿಲ್ಲ.