ತೋಟಾದ ಬಾಯಿ ಮಡಿಸುವ ವರ್ನಾ

ಬೆಳಗಿನ ಐದೂವರೆ. ಮೊಂಟಾನಾದ ಪುಟ್ಟ ಊರೊಂದರ ಅಂಚಿನ ತಗಡಿನ ಶೆಡ್ಡಿನಲ್ಲಿ ವರ್ನಾ ಟೊಲೆಫ್ಸನ್ ತೋಟಾ ತಯಾರಿಸುವ ಕೈಪ್ರೆಸ್ಸಿನ ಹಿಡಿಯನ್ನು ಕೆಳಗೆಳೆಯುತ್ತಾರೆ. ರಿವಾಲ್ವರಿನ ಹಿತ್ತಾಳೆ ತೋಟಾ ಮೇಲೇರಿ ಉಕ್ಕಿನ ಅಚ್ಚಾದ ಡೈಯೊಳಗೆ ಹೋಗುತ್ತದೆ. ಡೈಯ ಒಳಗೋಡೆ ಕೊನೆಯಲ್ಲಿ ತುಸು ಕಿರಿದು. ತೋಟಾದ ಬಾಯಂಚು ಅಲ್ಲಿ ತಾಗಿ, ಗುಂಡಿನ ಸುತ್ತಲ ಗೀರಿನೊಳಕ್ಕೆ ಮಡಿಚಿಕೊಳ್ಳಬೇಕು. ವರ್ನಾ ಅಂಚಿನ ಮೇಲೆ ಉಗುರು ಆಡಿಸುತ್ತಾರೆ. ಉಗುರು ತಡೆಯುತ್ತದೆ. ತಡೆಯಬಾರದಿತ್ತು.

ಡೈಯನ್ನು ಬಿಗಿಹಿಡಿಯುವ ಬಳೆ ಸಡಿಲಾಗಿದೆ. ನಿನ್ನೆ ಸಂಜೆ ಇದರಲ್ಲೇ ಮಾಡಿದ ಐವತ್ತು ತೋಟಾಗಳು ಕುರಿಗಾಹಿ ಓಡೆಲ್ ಕ್ರಾ ಬಳಿ ಇವೆ. ಅವನು ಇವತ್ತು ಮಂದೆಯೊಂದಿಗೆ ಕರಡಿಗಳ ಬೆಟ್ಟ ಹತ್ತುತ್ತಾನೆ. ಹಾರಿಸಿದಾಗ ದೊಡ್ಡ ರಿವಾಲ್ವರು ಹಿಂದಕ್ಕೆ ಒದೆಯುತ್ತದೆ; ಮಡಿಕೆ ಸಡಿಲವಿದ್ದರೆ ಉಳಿದ ತೋಟಾಗಳ ಗುಂಡುಗಳು ಮುಂದಕ್ಕೆ ಜಾರುತ್ತವೆ. ಜಾರಿದ್ದು ಅಡ್ಡ ನಿಂತರೆ ತೋಟಾ ತುಂಬಿದ ಚಕ್ರ ತಿರುಗದು.

ಎಪ್ಪತ್ತೆರಡರ ವರ್ನಾಗೆ ದಿನಕ್ಕೆ ಇನ್ನೂರು ತೋಟಾ. ಎಲ್ಲದರ ಉದ್ದವೂ ಒಂದೇ ಇರುವಂತೆ ಕತ್ತರಿಸಬೇಕು, ಇಲ್ಲದಿದ್ದರೆ ಒಂದರ ಬಾಯಿ ಬಿಗಿ, ಇನ್ನೊಂದರದು ಸಡಿಲ. ಗಂಡ ರೋಲೆಂಡ್ ತೀರಿಕೊಂಡು ಒಂಬತ್ತು ವರ್ಷ. "ಕೆಲ್ಸ ಚೆನ್ನಾಗಿದ್ರೆ ಯಾರೂ ಬಂದು ಹೇಳಲ್ಲ. ವಾರಗಟ್ಲೆ ನನ್ ದನಿ ನಂಗೇ ಕೇಳಿರಲ್ಲ," ಎನ್ನುತ್ತಾರೆ.

ಓಡೆಲ್‌ನ ಫೋನು ಹತ್ತದೆ ಅವರು ಟ್ರಕ್ಕು ಹತ್ತುತ್ತಾರೆ. ಅವನ ಮನೆಯಂಗಳದಲ್ಲಿ ಓಡೆಲ್ ಕುದುರೆಗೆ ಜೀನು ಬಿಗಿಯುತ್ತಿದ್ದಾನೆ.

"ಏನಮ್ಮ ವರ್ನಾ, ನನ್ನ ಬಿಟ್ಟಿರೋಕಾಗ್ಲಿಲ್ವಾ?"

"ನಿನ್ನ ಕುರಿಗಳೇ ಬಿಟ್ಟಿರ್ತಾವೆ, ನಂಗೇನೋ? ಆರು ತುಂಬು. ಆ ದಿಬ್ಬಕ್ಕೆ ಹೊಡಿ."

ಮೂರು ಹಾರುತ್ತವೆ. ನಾಲ್ಕನೆಯದಕ್ಕೆ ಟ್ರಿಗರ್ ಎಳೆದರೆ ಚಕ್ರ ಕದಲುವುದಿಲ್ಲ. ಓಡೆಲ್‌ನ ಕೀಟಲೆ ನಿಂತುಹೋಗುತ್ತದೆ.

"ಮೂರಕ್ಕೇ ಕರಡಿ ಸಾಯ್ತಿತ್ತೇನೋ," ಎನ್ನುತ್ತಾನೆ ಮೆಲ್ಲಗೆ.

"ಕರಡಿನ ಕೇಳ್ಕೊಂಡು ಬಾ, ಹೋಗು. ತಪ್ಪು ನಂದು ಕಣೋ. ಬಳೆ ನೋಡ್ದೆ ಕೂತೆ."

ಬೆಟ್ಟ ಅವನಿಗಾಗಿ ಕಾಯುತ್ತದೆ; ಇಬ್ಬರೂ ಟ್ರಕ್ಕಿನಲ್ಲಿ ಶೆಡ್ಡಿಗೆ ಮರಳುತ್ತಾರೆ. ಹತ್ತು ಗಂಟೆಯವರೆಗೆ ಶೆಡ್ಡಿನಲ್ಲಿ ಇಬ್ಬರ ಉಸಿರು. ವರ್ನಾ ಡೈಯನ್ನು ಇಳಿಸಿ, ಬಳೆ ಬಿಗಿದು ಹೊಸದಾಗಿ ಐವತ್ತು ಮಾಡುತ್ತಾರೆ. ಓಡೆಲ್ ಪ್ರೆಸ್ಸಿನ ಸದ್ದನ್ನು ಅಣಕಿಸುತ್ತಾನೆ: "ಕ್ರೀಚ್, ಟಕ್. ನಮ್ಮತ್ತೆ ಮಂಡಿ ಇದ್ದಂಗಿದೆ." ವರ್ನಾ ನಗುತ್ತಾರೆ. ನಗು ಮರೆತ ಗಂಟಲು ಕೆಮ್ಮುತ್ತದೆ.

ಹೊರಡುವಾಗ ಅವನ ಕೈಗೆ ಪೆಟ್ಟಿಗೆ ಇಡುತ್ತಾರೆ.

"ಒಂದೂ ಖರ್ಚಾಗ್ದೇ ಇರ್ಲಿ ಕಣೋ. ಹಿಮ ಬೀಳೋದ್ರೊಳಗೆ ಇಳಿದು ಬಂದು, ಐವತ್ತನ್ನೂ ನನ್ನೆದುರಿಗೇ ಎಣಿಸು. ಕಾಫಿ ಇಟ್ಟಿರ್ತೀನಿ. ನಿಧಾನಕ್ಕೆ ಎಣಿಸು."